ಗಾಳಕ್ಕೆ ಗೆಜ್ಜೆ ಕಟ್ಟಿದ ಭಾವ

ಕೊರಮೀನು ಹಿಡಿಯುವುದಕ್ಕೆ ಸದ್ದು ಮಾಡುವ ಎರೆ ಹಾಕಬೇಕೋ ಸದ್ದಿಲ್ಲದ ಎರೆ ಹಾಕಬೇಕೋ ಅನ್ನುವ ಒಂದೇ ವಿಷಯ ಹಿಡಿದುಕೊಂಡು ನಾನೂ ನಮ್ಮ ಭಾವನೂ ವರ್ಷಗಟ್ಟಲೆ ಜಗಳವಾಡಿದ್ದೇವೆ. ಭಾವ ಅಂದರೆ ನನ್ನ ಒಬ್ಬಳೇ ಅಕ್ಕನ ಗಂಡ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವವನು. ಈಗ ಆ ಜಗಳ ಮುಗಿದಿದೆ. ಸದ್ಯ ಮುಗೀತಲ್ಲ ಅಂತ ಮನೆಯವರೆಲ್ಲ ನೆಮ್ಮದಿಯಾಗಿದ್ದಾರೆ. ನನಗೆ ಮಾತ್ರ ಅದು ಮುಗಿಯಬಾರದಿತ್ತು ಅನ್ನಿಸುತ್ತದೆ.

ನಾವು ಹೋಗುತ್ತಿದ್ದ ಕೆರೆ ಕೊಂಡ್ಲಹಳ್ಳಿ ದಾಟಿ ಒಳದಾರಿಯಲ್ಲಿ ಸಿಗುತ್ತದೆ. ಹೆಸರು ಹೇಳುವುದಿಲ್ಲ. ಗಾಳ ಹಾಕುವ ಯಾವನೂ ಒಳ್ಳೆಯ ಕೆರೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರ ಅಲ್ಲಿ ಬೈಕು ನಿಲ್ಲಿಸಲು ಜಾಗ ಇರುವುದಿಲ್ಲ. ಬಹಳ ಕಾಲ ಆ ಕೆರೆಯಂಗಳದಲ್ಲಿ ಜಾಲಿಗಿಡ ಬಿಟ್ಟರೆ ಏನೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಮಳೆ ಕೈಹಿಡಿದು ಕೆರೆ ಕೋಡಿ ಬಿದ್ದಿತು. ಎಲ್ಲಿ ಅಡಗಿದ್ದವೋ ಏನೋ, ನೀರಿನ ಹಿಂದೆಯೇ ಕೊರಮೀನು ಬಂದವು. ಕೆರೆ ಗುತ್ತಿಗೆ ಹಿಡಿದವನು ಕಟ್ಲ, ರೋಹು ಮರಿ ಬಿಟ್ಟಿದ್ದ. ಕೊರಮೀನು ಆ ಮರಿಗಳನ್ನೇ ನುಂಗುವ ಜಾತಿ. ಹಾಗಾಗಿ ಅವನು, ‘ಕೊರಮೀನು ಎಷ್ಟು ಬೇಕಾದ್ರೂ ಹಿಡ್ಕೊಳ್ರಿ, ನನ್ ಮೀನು ಮುಟ್ಬೇಡ್ರಿ’ ಅಂತ ನಮಗೆ ಸಂತೋಷವಾಗಿಯೇ ಒಪ್ಪಿಗೆ ಕೊಟ್ಟಿದ್ದ.

ಕೊರಮೀನು ಗೊತ್ತಿಲ್ಲದವರಿಗೆ ಹೇಳಬೇಕು. ಹಾವಿನಂಥ ತಲೆ, ಕಪ್ಪು ಮೈ. ಜೊಂಡಿನ ಸಂದಿಯಲ್ಲಿ, ಮುಳುಗಿದ ಜಾಲಿಯ ಬುಡದಲ್ಲಿ ಬಿದ್ದುಕೊಂಡಿರುತ್ತದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ, ಆಗ ಎದ್ದ ಗುಳ್ಳೆ ನೋಡಿ ನಾವು ಜಾಗ ಗುರುತು ಹಾಕಿಕೊಳ್ಳುತ್ತೇವೆ. ಸುಮ್ಮನೆ ಬಿದ್ದ ಎರೆಯನ್ನು ಅದು ಮೂಸಿಯೂ ನೋಡುವುದಿಲ್ಲ. ಕಣ್ಣೆದುರು ಜೀವ ಇರುವಂಥದ್ದು ಓಡಬೇಕು. ಅದಕ್ಕೇ ಈಗ ಎಲ್ಲರೂ ರಬ್ಬರ್ ಕಪ್ಪೆ ಕಟ್ಟುತ್ತಾರೆ. ದೂರ ಎಸೆದು, ರೀಲು ಸುತ್ತುತ್ತಾ ನೀರಿನ ಮೇಲೆ ಎಳೆದು ತರುವುದು. ಎಳೆಯುವಾಗ ಅದು ಸದ್ದು ಮಾಡಬೇಕೇ ಬೇಡವೇ ಅನ್ನುವುದೇ ನಮ್ಮ ರಗಳೆ.

ನಾನು ಬೇಡ ಅನ್ನುವವನು. ನಮ್ಮಪ್ಪ ವರವು ಕಾವಲ್ ಅನ್ನುವ ಹುಲ್ಲುಗಾವಲಿನ ಸುತ್ತಮುತ್ತ ಕುರಿ ಮೇಯಿಸಿದವನು. ಕುರಿ ನೀರಿಗೆ ಬಾಗಿದ ಹೊತ್ತಿನಲ್ಲಿ ನಮ್ಮನ್ನು ಕೆಮ್ಮಲೂ ಬಿಡುತ್ತಿರಲಿಲ್ಲ. ಒಂದು ಬೆದರಿದರೆ ಮಂದೆಯೆಲ್ಲ ಬಾಯಾರಿಕೆ ಮರೆತು ಓಡುತ್ತದೆ, ಮತ್ತೆ ಅವನ್ನು ನೀರಿಗೆ ತರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಕಾವಲಿಗೆ ಬೇಲಿ ಬಂದು ನಾವು ಕುರಿ ಮಾರಿದೆವು. ಆದರೆ ನೀರಿನ ಹತ್ತಿರ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಹೋಗಲಿಲ್ಲ. ಮೇಲಾಗಿ ವಾರವೆಲ್ಲ ಶೇಂಗಾ ಸುಲಿಯುವ ಯಂತ್ರದ ಪಕ್ಕ ನಿಂತು ಕಿರುಚಿ ಮಾತಾಡುವವನಿಗೆ ಭಾನುವಾರ ಒಂದು ದಿನವಾದರೂ ಸುಮ್ಮನಿರೋಣ ಅನ್ನಿಸುವುದು ತಪ್ಪೇ?

ಭಾವನೂ ನಮ್ಮ ಜನವೇ. ಆದರೆ ಹುಡುಗರಾಗಿದ್ದಾಗಲೇ ಮಗ್ಗದ ಗುಂಡಿಗೆ ಇಳಿದವರು. ಅವರಿಗೆ ಸದ್ದು ಅಂದರೆ ಎಲ್ಲ ಸರಿಯಿದೆ ಅಂತ ಅರ್ಥ, ಸದ್ದು ನಿಂತರೆ ಎಲ್ಲೋ ಎಳೆ ಹರಿದಿದೆ ಅಂತ ಅರ್ಥ. ಮಗ್ಗ ಬಡಿಯುತ್ತಿದ್ದರೆ ಅದರ ಪಕ್ಕದಲ್ಲೇ ಗೊರಕೆ ಹೊಡೆಯುವ ಮನುಷ್ಯ, ಪಕ್ಕದ ಮನೆಯ ಮಗ್ಗ ನಿಂತರೆ ಎದ್ದು ಕೂರುತ್ತಿದ್ದರು. ಇಂಥವರನ್ನು ಕರೆದುಕೊಂಡು ಹೋಗಿ ಕೆರೆಯ ದಂಡೆಯಲ್ಲಿ ಸುಮ್ಮನೆ ಕೂತ್ಕೊಳ್ರಿ ಅಂದರೆ ಹೇಗೆ ಕೂತಾರು?

ಒಂದು ಭಾನುವಾರ ಅವರು ಚೀಲದಿಂದ ತಮ್ಮದೇ ಕೈಯಲ್ಲಿ ಮಾಡಿದ ಎರೆಯೊಂದನ್ನು ತೆಗೆದರು. ಮಗ್ಗದಲ್ಲಿ ಎಳೆಯನ್ನು ಆಚೆಯಿಂದ ಈಚೆಗೆ ಒಯ್ಯುವ ಲಾಳಿ ಇರುತ್ತದಲ್ಲ, ಮುರಿದುಹೋದ ಅಂಥದ್ದೊಂದರ ತುದಿ ಕೊಯ್ದು, ಉಜ್ಜಿ ನುಣುಪು ಮಾಡಿ, ಒಳಗೆ ಟೊಳ್ಳು ಕೊರೆದು, ಗೆಜ್ಜೆ ಹಾಕಿ ಬಾಯಿಗೆ ಮೇಣ ಮೆತ್ತಿದ್ದರು. ಕೆಳಗೆ ಎರಡು ಕೊಕ್ಕೆ. ಗೆಜ್ಜೆ ಎಲ್ಲಿಯದು ಅಂದರೆ, ನಮ್ಮಕ್ಕನ ಮದುವೆಯಲ್ಲಿ ಅಪ್ಪ ಬಳುವಳಿಯಾಗಿ ಕೊಟ್ಟ ಕುರಿಯ ಕೊರಳಪಟ್ಟಿಯದು. ಕುರಿ ಯಾವತ್ತೋ ಹೋಯಿತು, ಪಟ್ಟಿ ಅಕ್ಕನ ಮನೆಯ ಗೂಟದಲ್ಲಿ ತೂಗುತ್ತಿತ್ತು.

‘ಭಾವ, ಮೀನು ಹಿಡಿಯಾಕ್ ಬಂದೀರೋ, ಮೆರವಣಿಗೆ ಮಾಡಾಕ್ ಬಂದೀರೋ?’ ಅಂದೆ.

‘ಲೇ ಬಾಮೈದ, ಕೊರಮೀನು ಹೊಟ್ಟೆ ಹಸಿದು ಕಚ್ಚಲ್ಲ, ಸಿಟ್ಟಿಗೆ ಕಚ್ಚತೈತೆ. ಅದರ ಮನೆ ಮುಂದೆ ಹೋಗಿ ಗಲಾಟೆ ಮಾಡ್ಬೇಕು. ಯಾವನೋ ಅವ್ನು ಅಂತ ಎದ್ದು ಬರ್ಬೇಕು’ ಅಂದರು. ಎಸೆದರು. ಘಲ್ ಘಲ್ ಅನ್ನುತ್ತಾ ಲಾಳಿ ನೀರಿನ ಮೇಲೆ ಬಂತು. ನನ್ನ ಎದುರಿಗಿದ್ದ ಗುಳ್ಳೆಗಳೆಲ್ಲ ಮಾಯವಾದವು. ದಂಡೆಯ ಕೊಕ್ಕರೆ ಕೂಡ ಎದ್ದು ಹೋಯಿತು.

ನ್ಯಾಯವಾಗಿ ಹೇಳಬೇಕಾದರೆ ಅವರ ಮಾತಿನಲ್ಲೂ ಹುರುಳಿತ್ತು. ಹೊಸ ಮಳೆಯ ಕೆಂಪು ನೀರಿನಲ್ಲಿ ಮೀನಿಗೆ ಕಣ್ಣು ಕಾಣುವುದಿಲ್ಲ. ಆಗ ನನ್ನ ಕಪ್ಪೆ ಸುಮ್ಮನೆ ಹೋಗಿ ಸುಮ್ಮನೆ ಬರುತ್ತಿತ್ತು, ಅವರ ಲಾಳಿಗೆ ಮೀನು ಬೀಳುತ್ತಿತ್ತು. ಚಳಿಗಾಲಕ್ಕೆ ನೀರು ತಿಳಿಯಾದರೆ ನನ್ನ ಕೈ ಮೇಲು. ಇಷ್ಟನ್ನು ಇಬ್ಬರೂ ಒಪ್ಪಿಕೊಂಡಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಒಪ್ಪಿಕೊಳ್ಳುವುದು ಇಬ್ಬರಿಗೂ ಬೇಕಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಜಗಳವಿರಲಿಲ್ಲ. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕಂಡರೆ ಅದರ ಕೆಳಗೆ ಅಪ್ಪ ಅವ್ವ ಕಾಯುತ್ತಿರುತ್ತವೆ. ಆಗ ಇಬ್ಬರೂ ಗಾಳ ಸುತ್ತಿಕೊಂಡು ಬೇರೆ ಕಡೆ ಹೋಗುತ್ತಿದ್ದೆವು.

ಭಾವನಿಗೆ ನಿಜವಾಗಿ ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತದೆ. ‘ನೋರು ಮೂಸ್ಕೋರಾ!’ ಅಂತ ಅವರು ಗುಡುಗಿ ನನ್ನ ಬಾಯಿ ಮುಚ್ಚಿಸಿದರೆ ಆ ಭಾನುವಾರ ಸಾರ್ಥಕವಾದಂತೆ. ವಾರದ ನಡುವೆ ನಾನೇ ಫೋನು ಮಾಡಿ ಕೆಣಕುತ್ತಿದ್ದೆ. ಫೋನಿನಲ್ಲಿ ಮೊದಲು ಮಗ್ಗದ ಸದ್ದು ಕೇಳುತ್ತಿತ್ತು. ಮೀನಿಗೆ ಕಿವಿ ಎಲ್ಲೈತೆ ತೋರಿಸ್ರಿ ಅನ್ನುತ್ತಿದ್ದೆ. ಮಗ್ಗ ಟಕ್ಕನೆ ನಿಲ್ಲುತ್ತಿತ್ತು. ಅದರ ಮೈಯೆಲ್ಲ ಕಿವಿನೇ ಕಣಲೇ ಅಂತ ಶುರುವಾದರೆ ತೆಲುಗಿಗೆ ಹೋಗಿ ನಿಲ್ಲುತ್ತಿದ್ದರು. ಹಿಂದಿನಿಂದ ಅಕ್ಕನ ಗದರಿಕೆ: ‘ಮಗ್ಗ ನಿಂತೈತೆ ಕಣ್ರೀ! ಅವನಿಗಂತೂ ಕೆಲ್ಸಿಲ್ಲ, ನಿಮಗೂ ಇಲ್ವಾ?’

ಅಕ್ಕ ನಮ್ಮಿಬ್ಬರ ನಡುವಿನ ಪಂಚಾಯಿತಿ. ಹಿಡಿದ ಮೀನು ಅವಳ ಮುಂದೆ ಬಿದ್ದ ಮೇಲೆಯೇ ತೀರ್ಪು. ಆ ದಿನ ಸೋತವನು ಬೂದಿ ಹಚ್ಚಿ ಮೀನು ಉಜ್ಜಬೇಕು. ಅವಳು ಸಾರು ಕುದಿಸಿ, ಮುದ್ದೆ ಮುರಿದು ಹಾಕುತ್ತಾ, ‘ನಂಗಂತೂ ಇದು ಸದ್ದು ಕೇಳಿ ಸತ್ತಿದ್ದೋ ಸುಮ್ನೆ ಸತ್ತಿದ್ದೋ ಗೊತ್ತಾಗವಲ್ದು, ರುಚಿ ಒಂದೇ ಐತೆ’ ಅನ್ನುತ್ತಿದ್ದಳು. ಆ ಮಾತಿಗೆ ನಾವಿಬ್ಬರೂ ಒಟ್ಟಾಗಿ ಅವಳ ಮೇಲೆ ಬೀಳುತ್ತಿದ್ದೆವು.

ಒಮ್ಮೆ ಮಾತ್ರ ಜಗಳ ಕೆಟ್ಟಿತು. ಜಾಲಿಯ ಬುಡದಲ್ಲಿ ಒಂದು ಭಾರಿ ಮೀನಿತ್ತು. ಎಷ್ಟೋ ವಾರದಿಂದ ನಾನು ಅದರ ಗುಳ್ಳೆ ಕಾಯುತ್ತಿದ್ದೆ. ಆವತ್ತು ಅದು ನನ್ನ ಕಪ್ಪೆಯ ಹಿಂದೆಯೇ ನೀರು ಸೀಳಿಕೊಂಡು ಬಂತು. ಅದೇ ಹೊತ್ತಿಗೆ ಭಾವನ ಲಾಳಿ ಪಕ್ಕದಲ್ಲಿ ಘಲ್ಲೆಂದು ಬಿತ್ತು. ಮೀನು ತಿರುಗಿ ಲಾಳಿಯನ್ನು ಹೊಡೆಯಿತು. ಅವರು ಎಳೆದರು, ನಾನು ಎಳೆದೆ, ದಾರಕ್ಕೆ ದಾರ ಸುತ್ತಿಕೊಂಡಿತು, ಮೀನು ಕೊಡವಿಕೊಂಡು ಹೋಯಿತು. ಲಾಳಿ ಉಳಿಯಿತು, ಮಾತು ಉಳಿಯಲಿಲ್ಲ. ನಾನು ಏನೇನೋ ಅಂದೆ, ಅವರು ಏನೇನೋ ಅಂದರು, ತೆಲುಗೂ ಸಾಲದೆ ಹೋಯಿತು. ಆಮೇಲೆ ಹಲವು ಭಾನುವಾರ ಯಾರೂ ಯಾರಿಗೂ ಫೋನು ಮಾಡಲಿಲ್ಲ.

ಅಕ್ಕ ಬಸ್ಸು ಹತ್ತಿ ಚಳ್ಳಕೆರೆಗೆ ಬಂದಳು. ಕೈಯಲ್ಲಿ ಸಾರಿನ ಡಬ್ಬಿ. ‘ನಿಮ್ ಭಾವ ಕೊಟ್ಟು ಕಳ್ಸಿದ್ರು. ತಪ್ಪಾಯ್ತು ಅಂತ ಬಾಯಲ್ಲಿ ಹೇಳಾಕ್ ಆಗಲ್ಲ ಅವ್ರಿಗೆ’ ಅಂದಳು. ನಾನು ನಂಬಿ ಸಾರು ಬಡಿಸಿಕೊಂಡೆ. ಡಬ್ಬಿ ತೊಳೆದು, ಬರಿದೇ ಕೊಡಬಾರದು ಅಂತ ನನ್ನ ಹೆಂಡತಿ ಶೇಂಗಾ ಚಟ್ನಿ ತುಂಬಿ ಕಳಿಸಿದಳು. ಅಕ್ಕ ಊರಿಗೆ ಹೋಗಿ, ತಮ್ಮನೇ ಕೊಟ್ಟು ಕಳಿಸಿದ್ದಾನೆ, ತಪ್ಪಾಯ್ತು ಅಂದ ಅಂತ ಭಾವನಿಗೆ ಹೇಳಿದಳಂತೆ. ಇಬ್ಬರಿಗೂ ಒಂದೇ ಸುಳ್ಳು. ಮುಂದಿನ ಭಾನುವಾರ ಇಬ್ಬರೂ ದೊಡ್ಡ ಮನಸ್ಸು ಮಾಡಿದವರಂತೆ ಕೆರೆಗೆ ಬಂದೆವು.

ಆಮೇಲೊಂದು ದಿನ ಹೊಟ್ಟೆನೋವು ಅಂತ ಶುರುವಾದ ಅಕ್ಕನ ಕಾಯಿಲೆ ಬೇಗ ಕೈಮೀರಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಪ್ಪನ ಕರಿಕಂಬಳಿ ತರಿಸಿಕೊಂಡು ಕಾಲ ಮೇಲೆ ಹಾಕಿಕೊಂಡಿದ್ದಳು. ಅದು ಬಳುವಳಿಯ ಜೊತೆ ಅವಳ ಮನೆಗೆ ಹೋಗಿದ್ದ ಕಂಬಳಿ. ಒಂದು ಮಧ್ಯಾಹ್ನ ನಾನು ಒಬ್ಬನೇ ಪಕ್ಕದಲ್ಲಿದ್ದೆ. ಕಂಬಳಿಯ ಅಂಚನ್ನು ನನ್ನ ಕೈಗೆ ಕೊಟ್ಟಳು.

‘ಇದನ್ನ ಮುಟ್ಟಿ ಮಾತು ಕೊಡು. ಇನ್ಮೇಲೆ ನಿಮ್ ಭಾವ ಏನಂದ್ರೂ ಹೂಂ ಅನ್ಬೇಕು. ಎದುರು ಮಾತಾಡ್ಬಾರ್ದು.’

‘ಅಕ್ಕಾ, ಅದು ತಮಾಷೆ ಜಗಳ...’

‘ನಾನಿದ್ದಾಗ ತಮಾಷೆ. ನಾನಿಲ್ದಾಗ ಒಂದಿನ ನಿಜ ಆಗ್ತೈತೆ. ಆಮೇಲೆ ಡಬ್ಬಿ ಹಿಡ್ಕಂಡು ಯಾರು ಬರ್ತಾರೆ? ನೀನು ಆ ಕಡೆ, ಅವ್ರು ಈ ಕಡೆ. ಅವ್ರಿಗೆ ನಿನ್ನ ಬಿಟ್ರೆ ಮಾತಾಡಾಕೆ ಯಾರವ್ರೆ?’

ಮುಟ್ಟಿದೆ. ನಮ್ಮಲ್ಲಿ ಕಂಬಳಿ ಮುಟ್ಟಿ ಕೊಟ್ಟ ಮಾತು ತಪ್ಪುವ ಹಾಗಿಲ್ಲ. ಅದನ್ನು ಬಿಡಿಸಬೇಕಾದರೆ ಮಾತು ತೆಗೆದುಕೊಂಡವರೇ ಬಿಡಿಸಬೇಕು. ಆ ಹೊತ್ತಿನಲ್ಲಿ ಅದೆಲ್ಲ ಯೋಚನೆಗೆ ಬರಲಿಲ್ಲ, ಅವಳ ಮುಖ ಸಮಾಧಾನವಾಗಿದ್ದೇ ಸಾಕಾಗಿತ್ತು. ಕೆಲವೇ ದಿನಗಳಲ್ಲಿ ಅಕ್ಕ ಹೋದಳು.

ಅವಳ ವರ್ಷದ ಎಡೆ ಮುಗಿಯುವ ತನಕ ನಾವು ಗಾಳ ಮುಟ್ಟಲಿಲ್ಲ. ಮುಗಿದ ಮೇಲೆ ನಾನೇ ಫೋನು ಮಾಡಿದೆ. ಭಾನುವಾರ ಕೆರೆಗೆ ಹೋದೆ. ಮಾತು ಉಳಿಸಿಕೊಳ್ಳಬೇಕಲ್ಲ, ಮಗಳ ಕೈಲಿ ಫೋನಿನಲ್ಲಿ ಒಂದು ಪ್ಲಾಸ್ಟಿಕ್ ಮೀನು ತರಿಸಿದ್ದೆ. ಹೊಟ್ಟೆಯಲ್ಲಿ ಉಕ್ಕಿನ ಗುಂಡುಗಳು, ಅಲ್ಲಾಡಿಸಿದರೆ ಮಕ್ಕಳ ಗಿಲಕಿಯ ಹಾಗೆ ಸದ್ದು. ಅದನ್ನು ದಾರಕ್ಕೆ ಕಟ್ಟುವಾಗ ನಾಚಿಕೆಯಾಯಿತು. ತಲೆ ಎತ್ತಿ ನೋಡಿದರೆ ಭಾವ ಹಸಿರು ರಬ್ಬರ್ ಕಪ್ಪೆಯೊಂದನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದಾರೆ. ಮೆತ್ತಗಿನದು, ಒಂದಿಷ್ಟೂ ಸದ್ದು ಮಾಡದ್ದು.

‘ಲಾಳಿ ಎಲ್ಲೈತ್ರಿ ಭಾವ?’

‘ಚೀಲದಾಗೈತೆ. ನೀನೇ ಹೇಳ್ತಿದ್ದೆಲ್ಲ, ಸದ್ದು ಬೇಡ ಅಂತ. ಇರ್ಬೋದೇನೋ ಅನ್ನಿಸ್ತು.’

‘ಇಲ್ಲ ಇಲ್ಲ, ನೀವು ಹೇಳಿದ್ದೇ ಸರಿ. ಕೆಂಪು ನೀರಿಗೆ ಸದ್ದು ಬೇಕು. ಅದಕ್ಕೇ ನಾನು ಇದನ್ನ ತಂದೀನಿ.’

ಭಾವ ನನ್ನ ಗಿಲಕಿಯನ್ನೂ ನನ್ನ ಮುಖವನ್ನೂ ನೋಡಿದರು. ‘ನಿಂಗೂ ಕಂಬ್ಳಿ ಮುಟ್ಟಿಸಿದ್ಲೇನಲೇ?’ ಅಂದರು.

ನಾನು ಹೂಂ ಅಂದೆ. ಇಬ್ಬರೂ ನಕ್ಕೆವು. ‘ಎಂಥಾ ಕಿಲಾಡಿ ನೋಡು, ಇಬ್ರಿಗೂ ಒಂದೇ ಗಾಳ ಹಾಕ್ಯಾಳೆ’ ಅಂದರು ಭಾವ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಆಮೇಲೆ ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಆವತ್ತು ನನಗೆ ಎಲ್ಲ ಸರಿಹೋಯಿತು ಅನ್ನಿಸಿತ್ತು. ಹೊರಡುವಾಗ ಭಾವ ಲಾಳಿಯನ್ನು ನನ್ನ ಕೈಗಿಟ್ಟು, ‘ನೀನೇ ಇಟ್ಕ. ಈಗ ಸದ್ದಿನ ಪಾರ್ಟಿ ನೀನೇ ಅಲ್ವಾ’ ಅಂದರು. ನಾನು ಸಂತೋಷದಿಂದಲೇ ತೆಗೆದುಕೊಂಡೆ.

ತೊಂದರೆ ಗೊತ್ತಾಗಿದ್ದು ಆಮೇಲಿನ ಭಾನುವಾರಗಳಲ್ಲಿ. ಕೂತೆವು, ಎಸೆದೆವು, ಸುತ್ತಿದೆವು. ನಾನು ಒಂದು ಮಾತು ಅಂದರೆ ಅವರು ಹೌದು ಅನ್ನುತ್ತಿದ್ದರು. ಅವರು ಅಂದರೆ ನಾನು ಹೌದು ಅನ್ನುತ್ತಿದ್ದೆ. ಹೌದು ಅಂದ ಮೇಲೆ ಮುಂದೇನು ಮಾತಾಡುವುದು? ಆ ದಂಡೆಯ ಮೇಲೆ ಕೂತು ನಾವು ಬೇರೆ ಏನನ್ನೂ ಮಾತಾಡಿದವರೇ ಅಲ್ಲ. ಮಕ್ಕಳ ಸುದ್ದಿ, ಮಿಲ್ಲಿನ ಸುದ್ದಿ, ಅವರ ಮಂಡಿನೋವು, ನನ್ನ ಬೇಸರ ಎಲ್ಲವೂ ಆ ಜಗಳದ ಸಂದಿಯಲ್ಲೇ ನುಸುಳಿ ಬರುತ್ತಿದ್ದವು. ಈಗ ಸಂದಿಯೇ ಇರಲಿಲ್ಲ. ನಾನು ಆಯುಷ್ಯವೆಲ್ಲ ಬಯಸುತ್ತಾ ಬಂದ ನಿಶ್ಶಬ್ದ ಕೊನೆಗೂ ಸಿಕ್ಕಿತು, ಅದರಲ್ಲಿ ಕೂರಲಾರದೆ ನಾನು ಬೀಡಿ ಹುಡುಕುತ್ತಿದ್ದೆ.

ಒಂದು ಸಲ ತಡೆಯಲಾರದೆ, ‘ಭಾವ, ಅಕ್ಕ ಹೇಳಿದ್ದನ್ನ ಇಷ್ಟು ಗಟ್ಟಿಯಾಗಿ ಹಿಡ್ಕಬೇಕಾ?’ ಅಂತ ಕೇಳಿದೆ. ಅವರು ನೀರಿನ ಕಡೆಯೇ ನೋಡುತ್ತಾ, ‘ಕೊನೇ ಮಾತು ಕಣಪ್ಪ. ಅವಳಿಗೆ ಅಂತ ನಾನು ಇನ್ನೇನು ಮಾಡಾಕ್ ಆಗ್ತೈತೆ ಈಗ?’ ಅಂದರು. ನಾನು ಗಾಳ ಎಳೆದುಕೊಂಡು ಮತ್ತೆ ಎಸೆದೆ.

ಮದುವೆ ಸೀಸನ್ನು, ಸೀರೆ ಬೇಗ ಮುಗಿಸಬೇಕು ಅಂತ ಒಂದು ವಾರ ಅವರು ಬರಲಿಲ್ಲ. ಮಿಲ್ಲಿನಲ್ಲಿ ಓವರ್‌ಟೈಮು ಅಂತ ಒಂದು ವಾರ ನಾನು ಹೋಗಲಿಲ್ಲ. ಆಮೇಲೆ ಮಂಡಿನೋವು. ಯಾರೂ ಬಿಟ್ಟುಬಿಡೋಣ ಅನ್ನಲಿಲ್ಲ, ಬಿಟ್ಟುಹೋಯಿತು. ಜಗಳವಾಡಿ ದೂರವಾದರೆ ಡಬ್ಬಿ ಹಿಡಿದು ಬಂದು ಕೂಡಿಸಬಹುದು. ಇಷ್ಟು ಮರ್ಯಾದೆಯಿಂದ ದೂರವಾದವರನ್ನು ಕೂಡಿಸುವುದು ಹೇಗೆ ಅಂತ ಅಕ್ಕನಿಗೂ ತಿಳಿಯುತ್ತಿರಲಿಲ್ಲವೇನೋ. ಪಾಪ, ನಾವು ಬೇರೆಯಾಗಬಾರದು ಅಂತಲೇ ಅವಳು ಅಷ್ಟು ಮಾಡಿದಳು. ಆ ಮಧ್ಯಾಹ್ನ ಕಂಬಳಿ ಮುಟ್ಟುವ ಮೊದಲು, ಬೇಡಕ್ಕಾ, ನಾವು ಜಗಳ ಬಿಟ್ಟರೇ ಕೆಡುತ್ತೇವೆ ಅಂತ ಹೇಳಲು ನನಗೆ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ಈ ಚಳಿಗಾಲದ ಒಂದು ಭಾನುವಾರ ಒಬ್ಬನೇ ಕೆರೆಗೆ ಹೋದೆ. ನೀರು ತಳ ಕಾಣುವಷ್ಟು ತಿಳಿ. ನನ್ನ ಲೆಕ್ಕದಲ್ಲಿ ಸದ್ದು ಮಾಡಲೇಬಾರದ ನೀರು. ಆದರೂ ಚೀಲದಿಂದ ಲಾಳಿ ತೆಗೆದು ಕಟ್ಟಿದೆ. ಮೀನಿಗಾಗಿ ಅಲ್ಲ, ಆ ಸದ್ದು ಕೇಳಿ ಬಹಳ ದಿನವಾಗಿತ್ತು. ಎಸೆದು ಎಳೆದೆ. ಘಲ್ ಘಲ್ ಅಂತ ಅಪ್ಪನ ಕುರಿಯ ಗೆಜ್ಜೆ ನೀರಿನ ಮೇಲೆ ಬಂತು. ಜೊಂಡಿನಿಂದ ಕರಿಯ ನೆರಳೊಂದು ಸೀದಾ ಹೊರಟು ಬಂದು ಲಾಳಿಯನ್ನು ಎಂಥ ಸಿಟ್ಟಿನಿಂದ ಹೊಡೆಯಿತೆಂದರೆ ಕೋಲು ಕೈಯಿಂದ ಜಾರುವುದರಲ್ಲಿತ್ತು. ದಂಡೆಗೆ ಎಳೆದು ಹಾಕಿದೆ. ನನ್ನ ಮೊಳಕೈ ಉದ್ದದ ಕೊರಮೀನು. ತಿಳಿನೀರಿನಲ್ಲಿ, ಗೆಜ್ಜೆಗೆ.

ಭಾವ ಹೇಳಿದ್ದೇ ಸರಿಯಾಗಿತ್ತು. ಆದರೆ ಅದನ್ನು ಹೇಳಿ ಪ್ರಯೋಜನವಿಲ್ಲ ಅಂತ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಸರಿ ಸರಿ ಅಂದುಕೊಂಡೇ ಅಲ್ಲವೇ ನಾವು ಇಲ್ಲಿಗೆ ಬಂದದ್ದು? ಮನಸ್ಸು ಗಟ್ಟಿ ಮಾಡಿಕೊಂಡೆ. ಕಂಬಳಿಯ ಮಾತು ತಪ್ಪಿದ ಪಾಪ ನನ್ನ ತಲೆಗೇ ಇರಲಿ, ಅಕ್ಕನಿಗೆ ನಾನೇ ಜವಾಬು ಹೇಳಿಕೊಳ್ಳುತ್ತೇನೆ ಅಂತ ದಂಡೆಯಿಂದಲೇ ಫೋನು ಮಾಡಿದೆ. ಮೀನು ಇನ್ನೂ ಕಾಲ ಬಳಿ ಚೀಲದಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು.

ಆ ಕಡೆಯಿಂದ ಮೊದಲು ಕೇಳಿದ್ದು ಮಗ್ಗದ ಸದ್ದು. ಫೋನನ್ನು ಪಕ್ಕದಲ್ಲಿಟ್ಟುಕೊಂಡು ನೇಯುತ್ತಿದ್ದಾರೆ ಅಂತ ಗೊತ್ತಾಯಿತು.

‘ಭಾವ, ಕೆರೆ ಹತ್ರ ಇದೀನಿ’ ಅಂದೆ. ‘ಬೆಳಗ್ಗಿಂದ ನಿಮ್ ಗೆಜ್ಜೆ ಲಾಳಿ ಹಾಕಿ ಹಾಕಿ ಕೈ ಸೋತೋತು. ಒಂದು ಸೊಳ್ಳೆನೂ ಮೂಸ್ಲಿಲ್ಲ. ಇದನ್ನ ಕಟ್ಕಂಡು ಅಷ್ಟು ವರ್ಷ ನನ್ನ ತಲೆ ತಿಂದ್ರಲ್ಲ, ನಾಚ್ಕೆ ಆಗ್ಬೇಕು ನಿಮ್ಗೆ. ಮೀನಿಗೆ ಕಿವಿ ಎಲ್ಲೈತ್ರೀ?’

ಅಂದು ಕಾದೆ. ಮಗ್ಗ ಈಗ ನಿಲ್ಲುತ್ತದೆ, ಈಗ ತೆಲುಗು ಬರುತ್ತದೆ ಅಂತ ಫೋನನ್ನು ಕಿವಿಗೆ ಒತ್ತಿಕೊಂಡೆ. ಬಯ್ಯಲಿ, ಬೈಕು ಹತ್ತಿ ಬಂದು ಹೊಡೆಯಲಿ, ಮೀನು ತೋರಿಸಿ ಕಾಲಿಗೆ ಬೀಳುತ್ತೇನೆ ಅಂದುಕೊಂಡೆ.

‘ಹೌದೇನಪ್ಪ’ ಅಂದರು ಭಾವ, ಮೆತ್ತಗೆ. ‘ನೀನು ಮೊದ್ಲಿಂದ ಅಂದಿದ್ದೇ ಸರಿ ಬಿಡು. ಬಿಸ್ಲಾಗೆ ಇರ್ಬೇಡ, ಹುಷಾರಾಗಿ ಮನಿಗೆ ಹೋಗು.’

ಮಗ್ಗ ನಡೆಯುತ್ತಲೇ ಇತ್ತು.